ಅಣ್ಣನ ಮ್ಯಾಟು, ತಮ್ಮನ ಮ್ಯಾಟು

ಭಾನುವಾರ ಬೆಳಿಗ್ಗೆ ಕಾರಿನ ಮಾಲೀಕ ಬಂದವನೇ ಡ್ರೈವರ್ ಸೀಟಿನ ಮುಂದೆ ಮಂಡಿಯೂರಿ, ಮ್ಯಾಟು ಎತ್ತಿ, ಟಾರ್ಚ್ ಬಿಟ್ಟು ನೋಡಿದ. ಆಕ್ಸಿಲರೇಟರಿನ ಕೆಳಗೆ ಹಿಮ್ಮಡಿ ಊರುವ ಜಾಗದಲ್ಲಿ ರಬ್ಬರು ತೂತಾಗಿತ್ತು. ಅದರಡಿಯ ಕಾರ್ಪೆಟ್ಟಿನ ಜೂಲೂ ಉದುರಿಹೋಗಿ ನೆಲ ಬೋಳು ನೆತ್ತಿಯ ಹಾಗೆ ಹೊಳೆಯುತ್ತಿತ್ತು. ಕಾರು ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ದೊಡ್ಡ ಹೋಟೆಲಿನ ಗಿರಾಕಿಗಳು ಕೂರುವ ಕಾರು ಅದು. ಹಗಲು ಅಣ್ಣ ಓಡಿಸುತ್ತಿದ್ದ, ಸಂಜೆಯಿಂದ ಬೆಳಗಿನವರೆಗೆ ತಮ್ಮ.

ಮಾಲೀಕ ಎದ್ದು ಮಂಡಿಯ ಧೂಳು ಕೊಡವಿಕೊಂಡ.

"ನಿಮ್ಮಿಬ್ಬರಲ್ಲಿ ಒಬ್ಬ ಕಾರು ಓಡಿಸ್ತಿಲ್ಲ, ಹೊಲಿಗೆ ಮಿಷನ್ ತುಳೀತಿದಾನೆ. ಯಾರು ಅಂತ ನೀವೇ ನೋಡ್ಕೊಳ್ಳಿ. ಇದೊಂದು ಸಲ ಕಾರ್ಪೆಟ್ ಹಾಕಿಸ್ತೀನಿ. ಅದೂ ಹರಿದರೆ, ಹರಿದೋನು ಮನೇಲಿರ್ತಾನೆ. ಇನ್ನೊಬ್ಬ ಎರಡೂ ಹೊತ್ತು ಓಡಿಸ್ತಾನೆ."

ಅಂಗಳದ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದ ಸೊಸೆಗೆ ಆ ಮಾತು ಪೂರ್ತಿ ಕೇಳಿಸಿತು. ಅಣ್ಣ ಅವಳ ಗಂಡ, ತಮ್ಮ ಅವಳ ಮೈದುನ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ನೋಡಿದ್ದು ಒಬ್ಬರ ಕಾಲನ್ನು ಒಬ್ಬರು.

ಎರಡು ಕೋಣೆ, ಒಂದು ಅಡುಗೆಮನೆ, ಕಾರು ಹಿಡಿಯುವಷ್ಟೇ ಅಂಗಳ. ಮನೆಯೆಂದರೆ ಇಷ್ಟೇ. ಇದರಲ್ಲಿ ಅತ್ತೆ, ಅವಳ ಇಬ್ಬರು ಗಂಡುಮಕ್ಕಳು, ಸೊಸೆ, ಸೊಸೆಯ ಮಗಳು ಪುಟ್ಟಿ. ಸೊಸೆ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಹಾಕುವವಳು. ಬೆಳಿಗ್ಗೆ ಒಬ್ಬ ಕಾರು ತಂದು ನಿಲ್ಲಿಸಿ ಮಲಗಿದರೆ, ಇನ್ನೊಬ್ಬ ಚಹಾ ಕುಡಿದು ಅದೇ ಬೀಗದ ಕೈ ಎತ್ತಿಕೊಂಡು ಹೊರಡುತ್ತಿದ್ದ. ಅಣ್ಣತಮ್ಮಂದಿರು ಒಟ್ಟಿಗೆ ಕೂತು ಉಣ್ಣುತ್ತಿದ್ದದ್ದು ಕಾರು ಕೈ ಬದಲಾಯಿಸುವ ಸಂಜೆಯ ಹೊತ್ತಿನಲ್ಲಿ ಮಾತ್ರ. 

ಅಂಗಡಿಯಲ್ಲಿ ಸಿಗುವ ದಪ್ಪ ಮ್ಯಾಟು ಕೊಳ್ಳುವ ಶಕ್ತಿ ಇರಲಿಲ್ಲ. ಗಂಡ ಮೊದಲು ಗೋಣಿಚೀಲ ಕತ್ತರಿಸಿ ಹಾಸಿದ. ಅದು ಧೂಳು ಕುಡಿದು ನಾರತೊಡಗಿತು, ಹೋಟೆಲಿನವರು ಮೂಗು ಮುಚ್ಚಿಕೊಂಡರು. ಮೈದುನ ಮೇಜಿನ ಮೇಲೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ಕು ತಂದು ಅಂಟಿಸಿದ. ಮಳೆಯಲ್ಲಿ ಒದ್ದೆ ಬೂಟು ಅದರ ಮೇಲೆ ಜಾರಿ, ಬ್ರೇಕಿಗೆ ಕಾಲು ಸಿಗದೆ, ಗಂಡ ಒಂದು ಗಾಡಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ಅವತ್ತು ಮನೆಗೆ ಬಂದು ಪ್ಲಾಸ್ಟಿಕ್ಕನ್ನು ಮುದ್ದೆಮಾಡಿ, ಮಲಗಿದ್ದ ತಮ್ಮನ ಮುಖಕ್ಕೆ ಒತ್ತಿ ಹಿಡಿದ. "ನನ್ನ ಸಾಯಿಸೋಕೆ ಹಾಸಿದ್ಯೇನೋ," ಎಂದ. ಅತ್ತೆ ಕೂದಲು ಹಿಡಿದು ಎಳೆದ ಮೇಲೆ ಬಿಟ್ಟ. ಮೈದುನ ಎದ್ದು ಕೆಮ್ಮಿದ. ಅಣ್ಣ ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಕೊನೆಗೆ ದಾರಿ ಹುಡುಕಿದವಳು ಅತ್ತೆ. ಪ್ರಾಯದಲ್ಲಿ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಹೊಲಿದ ಕೈ ಅವಳದು. 'ಅಟ್ಟೆ ಹೊಲಿಯೋ ಅತ್ತೆ' ಎಂದು ಮೈದುನ ಅತ್ತಿಗೆಯ ಮುಂದೆ ತಾಯಿಯನ್ನು ಗೇಲಿ ಮಾಡುತ್ತಿದ್ದ. ಲಾರಿಯ ಹಳೆಯ ಟ್ಯೂಬು ಸೀಳಿ ತಳಕ್ಕೆ, ಹೋಟೆಲಿನಲ್ಲಿ ಬಿಸಾಕುವ ಸ್ನಾನದ ಟವೆಲುಗಳನ್ನು ನಾಲ್ಕು ಮಡಿಕೆ ಮಾಡಿ ಮೇಲಕ್ಕೆ, ಹಿಮ್ಮಡಿಯ ಜಾಗಕ್ಕೆ ಹಳೇ ಬೆಲ್ಟಿನ ಚರ್ಮದ ತೇಪೆ. ಮೂಲೆಗಳಲ್ಲಿ ತೂತು ಮಾಡಿ ಸೀಟಿನ ಕಾಲಿಗೆ ಹಗ್ಗ ಬಿಗಿದರೆ ಪೆಡಲಿನ ಕಡೆ ಸರಿಯುವುದಿಲ್ಲ. ಟವೆಲು ತರುವುದು ಸೊಸೆಯ ಕೆಲಸ, ದಬ್ಬಣ ತೂರಿಸುವುದು ಅತ್ತೆಯದು. ಒಂದಲ್ಲ, ಎರಡು ಮ್ಯಾಟು ಹೊಲಿದರು. ಅಣ್ಣನದಕ್ಕೆ ನೀಲಿ ದಾರ, ತಮ್ಮನದಕ್ಕೆ ಕೆಂಪು ದಾರ. ಇಳಿಯುವಾಗ ಅವರವರ ಮ್ಯಾಟು ಅವರವರು ಬಿಚ್ಚಿ ತಂದು ಜಗುಲಿಯ ಮೊಳೆಗೆ ನೇತುಹಾಕಬೇಕು. ಮಾಲೀಕನಿಗೂ ಈ ಉಪಾಯ ಹಿಡಿಸಿತು. ತಿಂಗಳು ಕಳೆದ ಮೇಲೆ ಎರಡನ್ನೂ ನೋಡುತ್ತೇನೆ, ಆಗ ಹೊಲಿಗೆ ಮಿಷನ್ ಯಾರದು ಅಂತ ಗೊತ್ತಾಗುತ್ತೆ ಎಂದು ನಕ್ಕು ಹೋದ.

ದಿನಾ ಮೊಳೆಗೆ ನೇತಾಡುವ ವಸ್ತುವನ್ನು ನೋಡದೆ ಇರಲು ಯಾರಿಗೂ ಆಗಲಿಲ್ಲ. ಗಂಡ ಹಿಂದೆ ಲಾರಿ ಓಡಿಸಿದವನು. ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆದ ಆ ಕಾಲದ ಬೂಟನ್ನೇ ಈಗಲೂ ಹಾಕುತ್ತಿದ್ದ. ಮುಂದಿನ ಗಾಡಿ ದಾರಿ ಬಿಡದಿದ್ದರೆ ಹಿಮ್ಮಡಿಯನ್ನು ತಿರುಪಿನ ಹಾಗೆ ತಿರುಗಿಸುತ್ತಿದ್ದ. ಮೈದುನನದು ಕ್ಯಾನ್ವಾಸ್ ಬೂಟು, ಹಗುರ ಕಾಲು. ಚರ್ಮದ ತೇಪೆ ಯಾರದು ಸವೆಯುತ್ತಿದೆ ಎಂಬುದು ಸೊಸೆಗೆ ಎರಡನೆಯ ವಾರಕ್ಕೇ ಗೊತ್ತಾಯಿತು. ಬೂಟು ಬದಲಾಯಿಸಿ ಎಂದು ಗಂಡನಿಗೆ ಮೆಲ್ಲಗೆ ಹೇಳಿದಳು.

"ನನ್ನ ಕಾಲಿನ ಮೇಲೂ ಕಣ್ಣು ಬಿತ್ತಾ ನಿಂಗೆ?" ಎಂದು ಅದೇ ಬೂಟನ್ನು ಅವಳತ್ತ ಎಸೆದ. ಅದು ಅವಳ ಮೊಣಕೈಗೆ ತಗುಲಿ ಗೋಡೆಗೆ ಬಡಿಯಿತು.

ಗುಟ್ಟು ಹೊರಗೆ ಹಾಕಿದವಳು ಪುಟ್ಟಿ. ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಆಲೂಗಡ್ಡೆ ಬೇಯಿಸಿದ್ದು, ಬೇಳೆ, ಅನ್ನ. ಮೈದುನ ಪುಟ್ಟಿಯ ತಟ್ಟೆಗೆ ತನ್ನ ಆಲೂಗಡ್ಡೆ ಹಾಕುತ್ತಾ, ಇವತ್ತು ಶಾಲೆಯಲ್ಲಿ ಏನು ಕಲಿತೆ ಎಂದು ಕೇಳಿದ. ಅವಳು ಅದನ್ನು ಬಿಟ್ಟು, "ಅಪ್ಪನ ಮ್ಯಾಟು ತೂತಾಗಿದೆ, ನನ್ನ ಬೆರಳು ಹೋಗುತ್ತೆ. ನಿಂದು ಹೊಸದರ ಥರಾನೇ ಇದೆ ಚಿಕ್ಕಪ್ಪ," ಎಂದಳು.

ಮೈದುನ ನಗಬಾರದಿತ್ತು. ಬಾಯಲ್ಲಿ ಅನ್ನ ಇದ್ದದ್ದರಿಂದ ನಗು ತಡೆಯಲಾಗದೆ ಮೂಗಿನಿಂದ ಬಂತು. ಗಂಡ ಉಣ್ಣುತ್ತಿದ್ದ ಸ್ಟೀಲು ತಟ್ಟೆಯನ್ನು ಎತ್ತಿ ಅವನತ್ತ ಬೀಸಿದ. ಅವನು ತಲೆ ಬಗ್ಗಿಸಿದ. ಪಕ್ಕದಲ್ಲಿದ್ದ ಪುಟ್ಟಿಗೆ ತಗುಲಿತು. ಹುಬ್ಬಿನ ಮೇಲೆ ಚರ್ಮ ಬಾಯಿಬಿಟ್ಟು, ಬೇಳೆಯ ಜೊತೆ ರಕ್ತ ಕಣ್ಣಿಗಿಳಿಯಿತು. ಮಗು ಮೊದಲು ಅಳಲಿಲ್ಲ, ಕಣ್ಣೊರೆಸಿಕೊಂಡು ಕೈ ನೋಡಿಕೊಂಡಿತು. ಆಮೇಲೆ ಕಿರುಚಿತು.

ಮೈದುನ ಅಣ್ಣನ ಎದೆಗೆ ಒದ್ದ. ಇಬ್ಬರೂ ಅನ್ನದ ಮೇಲೆ ಉರುಳಾಡಿದರು. ಗಂಡ ತಮ್ಮನ ಕಿವಿ ಕಚ್ಚಿದ, ತಮ್ಮ ಅಣ್ಣನ ಹಣೆಯನ್ನು ನೆಲಕ್ಕೆ ಕುಟ್ಟಿದ. ಅತ್ತೆ ಇಬ್ಬರ ಮೇಲೂ ತಣ್ಣೀರು ಸುರಿದಳು. ಸೊಸೆ ಮಗಳನ್ನು ಎತ್ತಿಕೊಂಡು ಬೀದಿಗಿಳಿದಾಗ ಅತ್ತೆ ಹಿಂದೆಯೇ ಓಡಿಬಂದು, ಕ್ಲಿನಿಕ್ಕಿನಲ್ಲಿ ಕೇಳಿದರೆ ಹೊಸ್ತಿಲು ಎಡವಿ ಬಿದ್ದಳು ಅಂತ ಹೇಳು ಎಂದಳು. ಸೊಸೆ ಹಾಗೇ ಹೇಳಿದಳು. ಹೊಲಿಗೆ ಹಾಕಿದವನು ನಂಬಿದ ಹಾಗೆ ತಲೆಯಾಡಿಸಿದ.

ಮಾಲೀಕ ಮ್ಯಾಟು ನೋಡಲು ಬರುವ ಹಿಂದಿನ ದಿನ ಹೋಟೆಲಿನಲ್ಲಿ ಬಾಯ್ಲರ್ ಕೆಟ್ಟಿತ್ತು. ಸೊಸೆ ಮಧ್ಯಾಹ್ನವೇ ಮನೆಗೆ ಬಂದಳು. ಆ ಹೊತ್ತಿನಲ್ಲಿ ಓಡುತ್ತಿರಬೇಕಾದ ಕಾರು ಅಂಗಳದಲ್ಲಿ ನಿಂತಿತ್ತು. ಬಚ್ಚಲಿನಿಂದ ಏನೋ ಉಜ್ಜುವ ಸದ್ದು. ಇಣುಕಿದರೆ, ಗಂಡ ಕುಕ್ಕರಗಾಲಿನಲ್ಲಿ ಕೂತು ಕೆಂಪು ದಾರದ ಮ್ಯಾಟನ್ನು ಮೊಣಕಾಲ ಮೇಲೆ ಹಾಕಿಕೊಂಡು ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದ. ಟವೆಲಿನ ನೂಲು ಬಚ್ಚಲ ತುಂಬ ಹಾರಾಡುತ್ತಿತ್ತು. ತಮ್ಮ ಒಳಕೋಣೆಯಲ್ಲಿ ನಿದ್ದೆಯಲ್ಲಿದ್ದ.

"ಅದು ಅವನದಲ್ವಾ?" ಎಂದಳು.

"ನೋಡಿದ್ಯಾ?"

ಅವಳು ಹೂಂ ಎಂದಳು. ಅವನು ಎದ್ದು ಬಚ್ಚಲ ಬಾಗಿಲು ಹಾಕಿ, ಮ್ಯಾಟನ್ನು ಸುರುಳಿ ಸುತ್ತಿ, ರಬ್ಬರಿನ ಮಗ್ಗುಲಿನಿಂದ ಬಾರಿಸಿದ. ಬೆನ್ನಿಗೆ, ತೊಡೆಗೆ, ಅಡ್ಡ ಹಿಡಿದ ಕೈಗೆ. ಬಾಯಿಂದ ಸದ್ದು ಬಂದರೆ ತಲೆ ಬಕೆಟ್ಟಿನಲ್ಲಿ ಅದ್ದುತ್ತೇನೆ ಎಂದ. ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ಹೊರಗೆ ಬಟಾಣಿ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು, ಮತ್ತೆ ಬಿಡಿಸತೊಡಗಿತು. ಅವನು ಹೋದ ಮೇಲೆ ಅತ್ತೆಯೇ ಬಂದು ಬೆನ್ನಿಗೆ ಎಣ್ಣೆ ಸವರಿ, ಎರಡು ದಿನ ಉದ್ದ ತೋಳಿನ ರವಿಕೆ ಹಾಕಿಕೋ ಎಂದಳು.

ಸಂಜೆ ಮೈದುನ ತನ್ನ ಮ್ಯಾಟು ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದು ನೋಡಿದ. ಅತ್ತಿಗೆಯ ಬಾಡಿದ ಮುಖವನ್ನೂ ನೋಡಿದ. ಕಾರಿನಿಂದ ಇಳಿಯುತ್ತಿದ್ದ ಅಣ್ಣನ ಬಳಿಗೆ ಹೋಗಿ, ಸಿಟ್ಟೇ ಇಲ್ಲದ ದನಿಯಲ್ಲಿ, "ತೂತು ಕ್ಲಚ್ಚಿನ ಕೆಳಗೆ ಬಿದ್ದಿದೆಯಲ್ಲಣ್ಣ. ನಾನೇನು ಎಡಗಾಲಿಗೆ ಇಟ್ಟಿಗೆ ಕಟ್ಕೊಂಡು ಓಡಿಸ್ತೀನಾ? ಉಜ್ಜೋದಾದ್ರೆ ಸರಿಯಾದ ಕಡೆ ಉಜ್ಜಬೇಕಿತ್ತು," ಎಂದ. ಅದೇ ಮ್ಯಾಟು ಹಾಸಿಕೊಂಡು ಕೆಲಸಕ್ಕೆ ಹೊರಟುಹೋದ. ಗಂಡ ಅಂಗಳದಲ್ಲೇ ನಿಂತಿದ್ದ. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ಅವತ್ತು ಅವನು ಊಟ ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಸೊಸೆಗೆ ಅದೇ ಹೆಚ್ಚು ಭಯವಾಯಿತು.

ಬೆಳಿಗ್ಗೆ ಮೈದುನ ಕಾರು ತಂದು ನಿಲ್ಲಿಸಿ, ಮ್ಯಾಟು ಬಿಚ್ಚಿ ಸುತ್ತಿ ಎಡಗೈಯ ಕಂಕುಳಲ್ಲಿ ಇಟ್ಟುಕೊಂಡ. ಡ್ರೈವರ್ ಬಾಗಿಲು ತೆರೆದೇ ಇತ್ತು. ಎರಡು ಬಾಗಿಲುಗಳ ನಡುವಿನ ಕಂಬಕ್ಕೆ ಬಲಗೈ ಊರಿ, ಮುಖವನ್ನು ಜಗುಲಿಯ ಕಡೆ ತಿರುಗಿಸಿ, ಅಮ್ಮಾ, ಇವತ್ತು ಮಾಲೀಕರಿಗೆ ಎರಡು ಮ್ಯಾಟನ್ನೂ ಪಕ್ಕಪಕ್ಕ ಇಟ್ಟು ತೋರಿಸೋಣ, ಅವರೇ ಹೇಳಲಿ ಎಂದ. ಅತ್ತೆ ಒಳಗೆ ಒಲೆಯ ಮುಂದಿದ್ದಳು. ಸೊಸೆ ಒಗೆದ ಬಟ್ಟೆಯ ಬುಟ್ಟಿ ಹಿಡಿದು ತಂತಿಯ ಬಳಿ ನಿಂತಿದ್ದಳು. ಗಂಡ ಕಾರಿನ ಮುಂದಿನಿಂದ ಬಳಸಿಕೊಂಡು ಬಂದ. ಬಾಗಿಲಿನ ಅಂಚು ಹಿಡಿದ. ತಮ್ಮನ ಕೈ ನೋಡಿದ. ನೋಡಿ, ಒಂದು ಕಾಲು ಹಿಂದಕ್ಕೆ ಊರಿ ಗಟ್ಟಿಯಾಗಿ ನಿಂತುಕೊಂಡು, ಮೈಯ ಭಾರವನ್ನೆಲ್ಲ ಹಾಕಿ ಬಾಗಿಲು ಹೊಡೆದ.

ಬಾಗಿಲು ಹಾಕಿಕೊಂಡ ಸದ್ದೇ ಬರಲಿಲ್ಲ. ಹಸಿ ಕಟ್ಟಿಗೆ ಮುರಿದ ಸದ್ದು ಬಂತು.

ಮೈದುನ ಬಾಯಿ ತೆರೆದುಕೊಂಡು ಹಾಗೇ ಕುಸಿದ. ಕೈ ಮಾತ್ರ ಮೇಲೆ ಸಿಕ್ಕಿಕೊಂಡಿತ್ತು. ಗಂಡ ತಟಕ್ಕನೆ ಬಾಗಿಲು ತೆಗೆದು, ಅಯ್ಯೋ ನೋಡಲಿಲ್ಲ, ನೋಡಲೇ ಇಲ್ಲ ಎಂದು ತಲೆ ಚಚ್ಚಿಕೊಂಡ. ಕೆಂಪು ದಾರದ ಮ್ಯಾಟಿನಲ್ಲೇ ಕೈಯನ್ನು ಸುತ್ತಿದರು. ನಾಲ್ಕು ಮಡಿಕೆಯ ಟವೆಲು ತೊಯ್ದು ರಕ್ತ ಅಂಗಳಕ್ಕೆ ಇಳಿಯಿತು. ಅದೇ ಕಾರಿನಲ್ಲಿ, ಅಣ್ಣನೇ ಓಡಿಸಿಕೊಂಡು ಆಸ್ಪತ್ರೆಗೆ ಹೋದ. ಹೇಗಾಯಿತೆಂದು ಡಾಕ್ಟರ್ ಕೇಳಿದಾಗ, ಗಾಳಿಗೆ ಬಾಗಿಲು ಹಾಕಿಕೊಂಡಿತು ಎಂದಳು ಅತ್ತೆ. ಎರಡು ಬೆರಳು ತೆಗೆದರು. ಇನ್ನೆರಡು ಮಡಚುವುದಿಲ್ಲ ಎಂದರು. ಮಾಲೀಕ ಹಣ್ಣು ತಂದು ನೋಡಿಕೊಂಡು ಹೋದ. ಮ್ಯಾಟಿನ ಮಾತು ಅವನೂ ಎತ್ತಲಿಲ್ಲ. ಕಾರು ಎರಡೂ ಹೊತ್ತು ಗಂಡನ ಕೈಗೆ ಬಂತು.

ಗಂಡ ಬೆಣ್ಣೆಯಾದ. ತಮ್ಮನಿಗೆ ಮೊಟ್ಟೆ ತಂದ, ಗಾಯ ತೊಳೆದ, ಅಂಗಿಯ ಗುಂಡಿ ಹಾಕಿದ. ಅಂದು ನನ್ನ ಕಣ್ಣು ಎಲ್ಲಿತ್ತೋ ಎಂದು ನೆರೆಯವರ ಮುಂದೆ ಕಣ್ಣೀರು ಹಾಕಿದ. ಪಟ್ಟಿ ಬಿಚ್ಚಿದ ಮೇಲೆ, ಸುಮ್ಮನೆ ಕೂತರೆ ಮನಸ್ಸು ಕೆಡುತ್ತೆ ಎಂದು ದಿನಾ ಕಾರು ತೊಳೆಯುವ ಕೆಲಸ ಕೊಟ್ಟ. ಮೈದುನ ಎಡಗೈಯಲ್ಲಿ ಬಕೆಟ್ಟು ಹೊತ್ತು, ಬಗ್ಗಿ, ಅಣ್ಣನ ಕಾಲಡಿಯ ಮಣ್ಣು ಕೊಡವುವುದನ್ನು ಸೊಸೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ತುತ್ತು ಕಲಸಲು ಬಾರದೆ ಅವನು ಚಮಚದಲ್ಲಿ ತಿನ್ನುತ್ತಿದ್ದ. ಅತ್ತೆ ಕಲಸಿಕೊಡಲು ಹೋದರೆ ತಟ್ಟೆ ಸರಿಸುತ್ತಿದ್ದ.

ಒಂದು ಬೆಳಿಗ್ಗೆ ಅವಳು ನೀರು ಕೊಡಲು ಹೋದಾಗ ಅವನು ಒರೆಸುವುದನ್ನು ನಿಲ್ಲಿಸಿದ.

"ಅತ್ತಿಗೆ, ನೀವು ಅಲ್ಲೇ ತಂತಿ ಹತ್ರ ನಿಂತಿದ್ರಿ. ಅವನು ನೋಡಿದ್ನಾ?"

ಅವಳು ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಬಂದಳು. ಅತ್ತೆ ಕೇಳಿಸಿಕೊಂಡಿದ್ದಳು. ಅಡುಗೆಮನೆಯಲ್ಲಿ ಸೊಸೆಯ ಎರಡೂ ಕೈ ಹಿಡಿದುಕೊಂಡು, ಒಬ್ಬನ ಕೈ ಹೋಯಿತು, ಇನ್ನೊಬ್ಬನನ್ನು ಜೈಲಿಗೆ ಕಳಿಸಬೇಡ, ನೋಡಲಿಲ್ಲ ಅಂದುಬಿಡು, ಮನೆ ಉಳಿಯುತ್ತೆ ಎಂದು ಬೇಡಿಕೊಂಡಳು. ಆ ಮುದುಕಿ ಯಾರ ಕೈಯನ್ನೂ ಹಾಗೆ ಹಿಡಿದವಳಲ್ಲ. ಸೊಸೆ ಬಹುಶಃ ಹಾಗೇ ಹೇಳಿಬಿಡುತ್ತಿದ್ದಳು.

ಆದರೆ ತಮ್ಮ ಕೇಳಿದ ಸುದ್ದಿ ಗಂಡನ ಕಿವಿಗೂ ಬಿತ್ತು. ಅತ್ತೆಯೇ ಹೇಳಿದಳೋ ಏನೋ. ಅವನು ಕೋಣೆಗೆ ಬಂದು, ಬಟ್ಟೆ ಮಡಿಸುತ್ತಿದ್ದ ಅವಳ ಬಲಗೈ ಹಿಡಿದು ಬಾಗಿಲ ಚೌಕಟ್ಟಿನ ಮೇಲೆ ಇಟ್ಟ. ಬಾಗಿಲನ್ನು ಮೆಲ್ಲಗೆ, ಬೆರಳ ಗಂಟುಗಳಿಗೆ ತಾಗುವವರೆಗೆ ಎಳೆದ. ಅಲ್ಲಿಗೆ ನಿಲ್ಲಿಸಿದ. ಮತ್ತಷ್ಟು ಎಳೆದ. ಉಗುರಿನ ಕೆಳಗೆ ರಕ್ತ ಕಪ್ಪಾಯಿತು.

"ನಾನೂ ನೋಡಲಿಲ್ಲ, ನೀನೂ ನೋಡಲಿಲ್ಲ," ಎಂದ. "ಇಸ್ತ್ರಿ ಹಾಕೋಕೆ ಬೆರಳು ಬೇಕಲ್ವಾ ನಿಂಗೆ?"

ಅವಳು ಆಗ ಅಳಲಿಲ್ಲ. ಮರುದಿನ ಎಂದಿನಂತೆ ಕೆಲಸಕ್ಕೆ ಹೋದಳು. ಭಾನುವಾರ ಬೆಳಿಗ್ಗೆ ಪುಟ್ಟಿಯನ್ನು ಜೊತೆಯ ಕೆಲಸದವಳ ಮನೆಗೆ ಬಿಟ್ಟುಬಂದಳು. ಅಡುಗೆ ಮುಗಿಸಿದ ಮೇಲೆ ತರಕಾರಿ ಹೆಚ್ಚುವ ಚಾಕು, ಮಾಂಸ ಕಡಿಯುವ ಕತ್ತಿ, ಕುಟ್ಟುವ ಗುಂಡು, ಅತ್ತೆಯ ದಬ್ಬಣ, ಕಾರಿನ ಡಿಕ್ಕಿಯಲ್ಲಿದ್ದ ಜಾಕಿಯ ಸಲಾಕೆ, ಎಲ್ಲವನ್ನೂ ಹಳೇ ಹೊದಿಕೆಯಲ್ಲಿ ಗಂಟು ಕಟ್ಟಿ ಹೋಟೆಲಿಗೆ ಹೊತ್ತು, ಮೈಲಿಗೆ ಬಟ್ಟೆಯ ಪೆಟ್ಟಿಗೆಯ ತಳದಲ್ಲಿ ಹಾಕಿಬಂದಳು. ಬಂದು ಕೈ ತೊಳೆದು ಎಲ್ಲರಿಗೂ ಬಡಿಸಿದಳು. ಗಂಡನಿಗೆ, ಮೈದುನನಿಗೆ, ಅತ್ತೆಗೆ. ತಾನು ಕೂರಲಿಲ್ಲ.

"ಅವತ್ತು ಕೇಳಿದ್ರಲ್ಲ," ಎಂದಳು ಮೈದುನನಿಗೆ. "ನೋಡಿದ್ರು. ಕೈ ಅಲ್ಲಿರೋದು ನೋಡಿದ್ರು. ಕಾಲು ಹಿಂದಕ್ಕೆ ಊರಿ ನಿಂತ್ಕೊಂಡ್ರು. ಆಮೇಲೆ ಹೊಡೆದ್ರು."

ಗಂಡ ಬಿಸಿ ಬೇಳೆಯ ಪಾತ್ರೆಯನ್ನೇ ಎತ್ತಿ ಅವಳತ್ತ ಎಸೆದ. ಮೈದುನ ಅಡ್ಡ ಬಂದದ್ದರಿಂದ ಅವನ ಹೆಗಲು, ಕುತ್ತಿಗೆ ಬೆಂದಿತು. ಬೆಂದದ್ದು ಗೊತ್ತೇ ಇಲ್ಲದವನ ಹಾಗೆ ಅವನು ಅಣ್ಣನ ಮುಖಕ್ಕೆ ಹಣೆಯಿಂದ ಗುದ್ದಿದ. ಮೂಗು ಒಡೆಯಿತು. ಒಂದು ಕೈಯವನು ಎಷ್ಟು ಹೊತ್ತು ತಡೆದಾನು? ಗಂಡ ಅವನ ಮೊಂಡು ಬೆರಳುಗಳನ್ನೇ ಹಿಡಿದು ತಿರುಚಿ ಕೆಳಗೆ ಕೆಡವಿದ. ಹೊಟ್ಟೆಗೆ ಒದ್ದ, ಮತ್ತೆ ಒದ್ದ. ಸೊಸೆ ಹಿಂದಿನಿಂದ ಕುತ್ತಿಗೆಗೆ ಜೋತುಬಿದ್ದಳು, ಅವನು ಕೊಡವಿಕೊಂಡ ರಭಸಕ್ಕೆ ಅವಳ ತಲೆ ಕಪಾಟಿಗೆ ಬಡಿಯಿತು. ಅಷ್ಟರಲ್ಲಿ ಅತ್ತೆ ಬಿದ್ದವನ ಮೇಲೆ ಅಡ್ಡ ಬಿದ್ದಳು. ಇಳಿಯುತ್ತಿದ್ದ ಮುಷ್ಟಿ ಅವಳ ಬಾಯಿಗೆ ಬಿತ್ತು.

ಗಂಡ ಅಡುಗೆಮನೆಗೆ ನುಗ್ಗಿದ. ಡ್ರಾಯರು ಎಳೆದ ಸದ್ದು, ಇನ್ನೊಂದು ಡ್ರಾಯರು, ಪಾತ್ರೆಗಳು ಉರುಳಿದ ಸದ್ದು. ಹೊರಬಂದಾಗ ಖಾಲಿ ಡ್ರಾಯರು ಅವನ ಕೈಯಲ್ಲೇ ಇತ್ತು. ಮೂಗಿನ ರಕ್ತ ಅದರೊಳಗೆ ತೊಟ್ಟಿಕ್ಕುತ್ತಿತ್ತು. ಎಲ್ಲಿಟ್ಟಿದ್ದೀಯ ಎಂದು ಹೆಂಡತಿಯನ್ನು ಕೇಳಿದ.  ನೆಲದ ಮೇಲೆ ತಾಯಿ ಎದ್ದು ಕೂತು, ಬಾಯಿಯಿಂದ ಹಲ್ಲೊಂದನ್ನು ಅಂಗೈಗೆ ಉಗುಳಿಕೊಂಡು, ಅವನನ್ನೇ ನೋಡುತ್ತಿದ್ದಳು. ಅವನು ಡ್ರಾಯರನ್ನು ಕೆಳಗಿಟ್ಟ. ಎಸೆಯಲಿಲ್ಲ, ಇಟ್ಟ. ಮುಖ ತೊಳೆಯಲು ಬಚ್ಚಲಿಗೆ ಹೋದ, ನೀರು ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೈದುನ ಗೋಡೆ ಹಿಡಿದು ಎದ್ದ. ಪೊಲೀಸ್ ಠಾಣೆಗೆ ಹೋಗುತ್ತೇನೆ, ನೀವು ಬರುತ್ತೀರಾ ಎಂದು ಅತ್ತಿಗೆಯನ್ನು ಕೇಳಿದ. ಅವಳು ಅವನ ಬೆಂದ ಹೆಗಲಿಗೆ ಒದ್ದೆ ಟವೆಲು ಹೊದಿಸಿ ಚಪ್ಪಲಿ ಮೆಟ್ಟಿದಳು. ಬೀದಿಯಲ್ಲಿ ನಡೆಯುವಾಗ ಹಿಂದೆ ಯಾರೋ ಬರುತ್ತಿರುವ ಸದ್ದು ಕೇಳಿತು. ಗಂಡನಿರಬೇಕೆಂದು ಅವಳು ಹೆಜ್ಜೆ ಬಿರುಸು ಮಾಡಿದಳು. ತಿರುಗಿ ನೋಡಿದರೆ ಅತ್ತೆ, ಬಾಯಿಗೆ ಸೆರಗು ಒತ್ತಿಕೊಂಡು, ಕೂಗುವಷ್ಟು ದೂರದಲ್ಲಿ ಬರುತ್ತಿದ್ದಳು. ತಡೆಯಲು ಬರುತ್ತಿದ್ದಾಳೆ ಎಂದುಕೊಂಡಳು ಸೊಸೆ. ಅತ್ತೆ ಕೂಗಲಿಲ್ಲ. ಹತ್ತಿರವೂ ಬರಲಿಲ್ಲ.

ಠಾಣೆಯಲ್ಲಿ ಮೇಜಿನ ಹಿಂದೆ ಕೂತಿದ್ದವನು ಮೈದುನನ ಕೈ ನೋಡಿದ, ಕುತ್ತಿಗೆ ನೋಡಿದ, ಮಾಡಿದವರು ಯಾರು ಎಂದ. ಅಣ್ಣ ಎಂದ ಮೈದುನ. ಕೈ ಹೋಗಿ ಇಷ್ಟು ದಿನ ಆದ ಮೇಲೆ ಬಂದಿದ್ದೀರಿ, ಆಸ್ಪತ್ರೆಯಲ್ಲಿ ಗಾಳಿ ಅಂತ ಹೇಳಿದ್ದೀರಿ, ಈಗ ಅಣ್ಣ ಅಂತೀರಿ, ಮನೆ ಜಗಳಕ್ಕೆ ನಾವು ಯಾರನ್ನು ನಂಬಬೇಕು ಎಂದು ಅವನು ಬೇಸರದಿಂದ ಕೇಳಿದ.  ಅಷ್ಟರಲ್ಲಿ ಬಾಗಿಲ ಬಳಿಯ ಬೆಂಚಿನಿಂದ ಅತ್ತೆ ಎದ್ದಳು. ಊದಿದ ತುಟಿಯಲ್ಲಿ ಮಾತು ತೊದಲುತ್ತಿತ್ತು.

"ಗಾಳಿ ಅಂದಿದ್ದು ನಾನು. ಇಬ್ಬರೂ ನನ್ನ ಮಕ್ಕಳು. ನಾನು ಒಳಗಿದ್ದೆ, ನೋಡಿಲ್ಲ." ಸೆರಗಿನಿಂದ ರಕ್ತ ಒರೆಸಿಕೊಂಡು ಸೊಸೆಯ ಕಡೆ ಕೈ ತೋರಿಸಿದಳು. "ಇವಳು ನೋಡಿದಾಳೆ. ಇವಳು ಹೇಳಿದ್ದು ಬರ್ಕೊಳ್ಳಿ."

ಅವನು ಸೊಸೆಗೆ ಕುರ್ಚಿ ತೋರಿಸಿದ. ಅವಳು ಅತ್ತೆಯನ್ನು ಅದರಲ್ಲಿ ಕೂರಿಸಿ, ತಾನು ನಿಂತುಕೊಂಡೇ ಹೇಳಲು ಶುರುಮಾಡಿದಳು.